ಮನೆಯಲ್ಲೇ ಸೈಕಲ್ ತುಳಿಯಲು ಟ್ರೈನರ್ ಆರಿಸುವುದು ಹೇಗೆ? ಹಿಂದಿನ ಚಕ್ರದಿಂದ ಶುರು ಮಾಡಿ

ನಮ್ಮ ಕೆಳಗಿನ ಮನೆಯ ಅಜ್ಜಿ ಒಂದು ದಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದರು. "ಅಲ್ಲಪ್ಪಾ, ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಅದೇನು ರುಬ್ತೀರಿ ನೀವು? ಹೋಟೆಲ್ ಏನಾದ್ರೂ ಇಟ್ಟಿದ್ದೀರಾ?" ನಾನು ರುಬ್ಬುತ್ತಿದ್ದದ್ದು ಇಡ್ಲಿ ಹಿಟ್ಟಲ್ಲ. ಟ್ರೈನರ್ ಮೇಲೆ, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡಿನ ಮೇಲೆ, ನಿಲ್ಲಿಸಿದ್ದ ನನ್ನ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲಿನ ಹಲ್ಲುಹಲ್ಲು ಟೈರು ಕಬ್ಬಿಣದ ರೋಲರ್ ಮೇಲೆ ಉರುಳುತ್ತಿತ್ತು. ಎರಡನೇ ಮಹಡಿಯ ನೆಲದಿಂದ ಆ ಗುರ್ ಸದ್ದು ನೇರ ಅಜ್ಜಿಯ ಮಂಚಕ್ಕೇ ಇಳಿಯುತ್ತಿತ್ತು.

ಆ ಟ್ರೈನರ್ ಕೊಳ್ಳುವ ಮುಂಚೆ ನಾನು ಒಂದು ತಿಂಗಳು ರಿವ್ಯೂ ಓದಿದ್ದೆ. ವ್ಯಾಟ್ (ತುಳಿತದ ಶಕ್ತಿ) ಎಷ್ಟು, ಫ್ಲೈವೀಲ್ (ಟ್ರೈನರ್ ಒಳಗೆ ತಿರುಗುವ ಭಾರದ ಚಕ್ರ) ತೂಕ ಎಷ್ಟು ಎಲ್ಲ ಬಾಯಿಪಾಠ. ನೋಡದೇ ಬಿಟ್ಟದ್ದು ಎರಡೇ: ನನ್ನ ಸೈಕಲ್ಲಿನ ಹಿಂದಿನ ಚಕ್ರ, ನನ್ನ ಮನೆಯ ನೆಲ. ಅದಕ್ಕೇ ಇಲ್ಲಿ ಉಲ್ಟಾ ಹೋಗೋಣ. ಮೊದಲು ಸೈಕಲ್ಲು, ಆಮೇಲೆ ಮನೆ, ಕೊನೆಗೆ ಟ್ರೈನರ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಸರಿಯಾಗಿ ಕೂರುವ ಸೈಕಲ್ ಇಲ್ಲ, ರಸ್ತೆಗೆ ಇಳಿಯುವ ಆಸೆಯೂ ಇಲ್ಲ, ಬೆವರು ಹರಿದರೆ ಸಾಕು ಅಂದರೆ ಟ್ರೈನರ್ ಬೇಡ. ಜಿಮ್ಮಿನಲ್ಲಿರುವಂಥ ಒಂದು ಸ್ಪಿನ್ ಬೈಕ್ ತಗೊಳ್ಳಿ, ತಲೆನೋವು ಕಡಿಮೆ. ಟ್ರೈನರ್ ಇರುವುದು ಭಾನುವಾರ ನಂದಿ ಬೆಟ್ಟ ಹತ್ತುವ ಹುಚ್ಚಿದ್ದು, ವಾರದ ದಿನಗಳಲ್ಲಿ ಮಳೆ, ಟ್ರಾಫಿಕ್, ಆಫೀಸ್ ನಡುವೆ ಸಿಕ್ಕಿಕೊಂಡವರಿಗೆ.

ಹಂತ 1: ಸೈಕಲ್ ತಲೆಕೆಳಗು ಮಾಡಿ, ಹಿಂದಿನ ಚಕ್ರ ನೋಡಿ

ಚಕ್ರದ ನಡುವೆ ಫ್ರೇಮಿಗೆ ಸೇರುವ ಜಾಗದಲ್ಲಿ ಏನಿದೆ? ಮೂರರಲ್ಲಿ ಒಂದು ಇರುತ್ತದೆ.

ಮಡಚುವ ಸಣ್ಣ ಲಿವರ್ ಇದ್ದರೆ ಅದು ಕ್ವಿಕ್ ರಿಲೀಸ್. ಹಳೆಯ ರೋಡ್ ಬೈಕು, ಅಂದರೆ ತೆಳು ಟೈರಿನ ರಸ್ತೆ ಸೈಕಲ್‌ಗಳಲ್ಲಿ ಫ್ರೇಮಿನ ಒಳ ಅಗಲ 130 ಮಿ.ಮೀ, ಎಂಟಿಬಿ ಮತ್ತು ಹೈಬ್ರಿಡ್‌ಗಳಲ್ಲಿ 135 ಮಿ.ಮೀ. ನಿಮ್ಮ ಕೆಲಸ ಸುಲಭ. ಹೆಚ್ಚುಕಡಿಮೆ ಎಲ್ಲ ಟ್ರೈನರ್‌ಗಳೂ ಇದಕ್ಕೆ ಒಗ್ಗುತ್ತವೆ.

ದಪ್ಪ ಸರಳು ಒಂದು ಕಡೆಯಿಂದ ತೂರಿ ಇನ್ನೊಂದು ಕಡೆ ಫ್ರೇಮಿಗೇ ತಿರುಪಿಕೊಂಡಿದ್ದರೆ ಅದು ಥ್ರೂ ಆಕ್ಸಲ್. ಈಗಿನ ಡಿಸ್ಕ್ ಬ್ರೇಕ್ ರೋಡ್ ಬೈಕುಗಳಲ್ಲಿ ಸಾಮಾನ್ಯವಾಗಿ 12×142 ಮಿ.ಮೀ (ಸರಳಿನ ದಪ್ಪ, ಫ್ರೇಮಿನ ಅಗಲ), ಎಂಟಿಬಿಗಳಲ್ಲಿ 12×148. ಚಕ್ರ ಬಿಚ್ಚಿ ಕೂರಿಸುವ ಟ್ರೈನರ್‌ಗೆ ಬೇಕಾದ ಅಡಾಪ್ಟರ್ ಬಹಳ ಸಲ ಪೆಟ್ಟಿಗೆಯಲ್ಲೇ ಬರುತ್ತದೆ. 148ಕ್ಕೆ ಮಾತ್ರ ಕೇಳಿ ಖಾತ್ರಿ ಮಾಡಿಕೊಳ್ಳಿ. ಚಕ್ರ ಬಿಚ್ಚದೆ ಕೂರಿಸುವ ಟ್ರೈನರ್ ಆದರೆ ಬೇರೆಯೇ ಸರಳು ಕೊಳ್ಳಬೇಕು. ಅದಕ್ಕೆ ಉದ್ದ ಗೊತ್ತಿದ್ದರೆ ಸಾಲದು, ತಿರುಪಿನ ಪಿಚ್ (ಎರಡು ಸುತ್ತಿನ ನಡುವಿನ ಅಂತರ) ಕೂಡ ಬೇಕು. 1.0, 1.5, 1.75 ಮಿ.ಮೀ ಮೂರೂ ಚಾಲ್ತಿಯಲ್ಲಿವೆ. ನಿಮ್ಮದು ಯಾವುದು ಅಂತ ಬಹಳ ಸಲ ಸರಳಿನ ಮೇಲೇ ಕೆತ್ತಿರುತ್ತಾರೆ. ಒಂದು ಫೋಟೊ ಹೊಡೆದಿಟ್ಟುಕೊಳ್ಳಿ.

ಎರಡೂ ಕಡೆ ಸ್ಪ್ಯಾನರ್ ಹಾಕುವ ನಟ್ ಇದ್ದರೆ ಸ್ವಲ್ಪ ನಿಧಾನಿಸಿ. ಗೇರ್ ಇಲ್ಲದ ಸೈಕಲ್‌ಗಳು, ಕಡಿಮೆ ಬೆಲೆಯ ಗೇರ್ ಸೈಕಲ್‌ಗಳು ಹೀಗೇ ಇರುತ್ತವೆ. ಕೆಲವು ಟ್ರೈನರ್‌ಗಳ ಬಟ್ಟಲು ಆ ನಟ್ಟನ್ನು ಹಿಡಿಯುತ್ತದೆ, ಕೆಲವು ಹಿಡಿಯುವುದೇ ಇಲ್ಲ. ಅಂಗಡಿಗೆ ಸೈಕಲ್ಲನ್ನೇ ತಳ್ಳಿಕೊಂಡು ಹೋಗಿ ಕೂರಿಸಿ ನೋಡುವುದು ಒಳ್ಳೇದು.

ಆಮೇಲೆ ಗೇರ್ ಚಕ್ರಗಳ ಗುಂಪು. ಇದು ಬಿಚ್ಚಿ ಟ್ರೈನರ್‌ಗೆ ಹಾಕಬಹುದಾದ ಕ್ಯಾಸೆಟ್ಟೋ, ಚಕ್ರಕ್ಕೇ ತಿರುಪಿಕೊಂಡಿರುವ ಫ್ರೀವೀಲೋ? ನೋಡೋದಕ್ಕೆ ಎರಡೂ ಒಂದೇ ಥರ. ಗುರುತು ಹಿಡಿಯುವುದು ಹೀಗೆ: ಅತಿ ಚಿಕ್ಕ ಗೇರಿನ ಒಳಗೆ ಟೂಲ್ ಕೂರಲು ಸಣ್ಣ ಹಲ್ಲುಗಳಿರುತ್ತವೆ. ಚಕ್ರ ಅಲ್ಲಾಡದಂತೆ ಹಿಡಿದು ಗೇರ್‌ಗಳನ್ನು ಹಿಂದಕ್ಕೆ ತಿರುಗಿಸಿ. ಆ ಹಲ್ಲುಗಳೂ ಜೊತೆಗೆ ತಿರುಗಿದರೆ ಕ್ಯಾಸೆಟ್. ಹಲ್ಲುಗಳು ನಿಂತೇ ಇದ್ದು ಗೇರ್ ಮಾತ್ರ ತಿರುಗಿದರೆ ಫ್ರೀವೀಲ್. 7 ಸ್ಪೀಡಿನ, ಅಂದರೆ ಹಿಂದೆ ಏಳು ಗೇರ್ ಚಕ್ರಗಳಿರುವ, ಅಗ್ಗದ ಸೈಕಲ್‌ಗಳಲ್ಲಿ ಫ್ರೀವೀಲ್ ಜಾಸ್ತಿ. ಅದನ್ನು ಬಿಚ್ಚಿ ಟ್ರೈನರ್‌ಗೆ ಹಾಕಲು ಬರುವುದಿಲ್ಲ. ಬೇರೆ 7 ಸ್ಪೀಡ್ ಕ್ಯಾಸೆಟ್, ಜೊತೆಗೆ ಸಂದಿ ತುಂಬುವ ಉಂಗುರ, ಅಂದರೆ ಸ್ಪೇಸರ್, ಕೊಳ್ಳಬೇಕು.

ಕ್ಯಾಸೆಟ್ ಇದ್ದರೆ ಎಷ್ಟು ಸ್ಪೀಡು ಅಂತ ಎಣಿಸಿ ಬರೆದಿಡಿ. ಚಕ್ರ ಬಿಚ್ಚಿ ಕೂರಿಸುವ ಹೆಚ್ಚಿನ ಟ್ರೈನರ್‌ಗಳು ಶಿಮಾನೊ ಕಂಪನಿಯ 11 ಸ್ಪೀಡ್ ಅಗಲದ ಬಾಡಿಯೊಂದಿಗೆ (ಕ್ಯಾಸೆಟ್ ತೂರಿಸುವ ಗೀರಿನ ಕೊಳವೆ) ಬರುತ್ತವೆ. ಅದರ ಮೇಲೆ 8, 9, 10 ಸ್ಪೀಡ್ ಕೂಡ ಕೂರುತ್ತದೆ. ಶಿಮಾನೊದ 12 ಸ್ಪೀಡ್ ರೋಡ್ ಕ್ಯಾಸೆಟ್ಟೂ ಕೂರುತ್ತದೆ. ಆದರೆ ಶಿಮಾನೊ 12 ಸ್ಪೀಡ್ ಎಂಟಿಬಿಗೆ ಮೈಕ್ರೊ ಸ್ಪ್ಲೈನ್ ಅನ್ನುವ ಬೇರೆ ಬಾಡಿ ಬೇಕು. ಸ್ರ್ಯಾಮ್ ಕಂಪನಿಯ ದುಬಾರಿ ಕ್ಯಾಸೆಟ್‌ಗಳಿಗೆ ಎಕ್ಸ್‌ಡಿ ಅಥವಾ ಎಕ್ಸ್‌ಡಿಆರ್ ಬಾಡಿ. ಇವನ್ನು ಬೇರೆ ದುಡ್ಡು ಕೊಟ್ಟು ತರಿಸಬೇಕಾಗುತ್ತದೆ. ಬಜೆಟ್‌ನಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಕಾರ್ಬನ್ ಫ್ರೇಮ್ ಇದ್ದವರು ಸೈಕಲ್ಲಿನ ಮ್ಯಾನ್ಯುಅಲ್ ತೆಗೆದು ಟ್ರೈನರ್ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿ. ಕೆಲವು ಕಂಪನಿಗಳು ಟ್ರೈನರ್‌ಗೆ ಹಾಕಿದರೆ ವಾರಂಟಿ ಇಲ್ಲ ಅನ್ನುತ್ತವೆ.

ಹಂತ 2: ಮನೆ ಅಳೆಯಿರಿ

ಒಂದು ರೋಡ್ ಬೈಕಿನ ಉದ್ದ ಸುಮಾರು 1.7 ಮೀಟರ್. ಮುಂದೆ ಫ್ಯಾನು, ಅಕ್ಕಪಕ್ಕ ಇಳಿಯಲು ಹತ್ತಲು ಜಾಗ ಸೇರಿ ಎರಡೂವರೆ ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ ಬಿಟ್ಟುಕೊಳ್ಳಿ. ಬಾಲ್ಕನಿ ಚೆನ್ನಾಗಿ ಕಾಣುತ್ತದೆ, ಗಾಳಿಯೂ ಇರುತ್ತದೆ. ಆದರೆ ಮಳೆ ಎರಚಲು ಮೋಟರಿಗೆ ಬಿದ್ದರೆ ಕಥೆ ಮುಗೀತು. ಮಂಗಳೂರು, ಉಡುಪಿ ಕಡೆಯವರಿಗಂತೂ ಬಾಲ್ಕನಿ ಬೇಡವೇ ಬೇಡ. ಆ ಉಪ್ಪುಗಾಳಿಗೆ ಬೋಲ್ಟು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ.

ನೆಲ ಮಹಡಿಯಲ್ಲಿದ್ದರೆ ನೀವು ರಾಜ. ಮೇಲಿದ್ದರೆ ಸದ್ದಿನ ಬಗ್ಗೆ ಒಂದು ವಿಷಯ ತಿಳಿದಿರಬೇಕು. ನಿಮ್ಮ ಕಿವಿಗೆ ಬೀಳುವ ಸದ್ದು ಬೇರೆ, ಕೆಳಗಿನವರಿಗೆ ಹೋಗುವ ಸದ್ದು ಬೇರೆ. ಕಂಪನಿಗಳು ಡೆಸಿಬಲ್ ಲೆಕ್ಕದಲ್ಲಿ ಹೇಳುವುದು ಗಾಳಿಯಲ್ಲಿ ಬರುವ ಸದ್ದನ್ನು. ಕೆಳಗಿನ ಮನೆಗೆ ಇಳಿಯುವುದು ನಡುಕ. ಟ್ರೈನರ್‌ನ ಕಾಲುಗಳಿಂದ ಸ್ಲ್ಯಾಬಿಗೆ, ಸ್ಲ್ಯಾಬಿನಿಂದ ಗೋಡೆಗೆ. ಯೋಗ ಮ್ಯಾಟ್ ಹಾಕಿದರೆ ಅದು ಒತ್ತಿ ಹಾಳೆಯಾಗುತ್ತದೆಯೇ ಹೊರತು ನಡುಕ ನಿಲ್ಲುವುದಿಲ್ಲ.

ನನಗೆ ಉಪಾಯ ಸಿಕ್ಕಿದ್ದು ಊರಿಗೆ ಹೋದಾಗ, ಮಾವನ ಕೊಟ್ಟಿಗೆಯಲ್ಲಿ. ಹಸುಗಳ ಕಾಲಡಿಗೆ ಹಾಸುವ ದಪ್ಪ ರಬ್ಬರ್ ಕೌ ಮ್ಯಾಟ್! ಸಾಮಾನ್ಯವಾಗಿ ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲ ಬರುತ್ತದೆ, ಸೈಕಲ್‌ಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ. ಗಟ್ಟಿ, ಭಾರ, ಬೆವರು ಬಿದ್ದರೆ ಒರೆಸಿದರೆ ಆಯ್ತು. ಹಸುವಿನ ಗೊರಸಿಗೇ ಜಗ್ಗದ್ದು ನನ್ನ ಟ್ರೈನರ್‌ಗೆ ಜಗ್ಗುತ್ತದಾ? ಮೊದಲ ವಾರ ರಬ್ಬರ್ ವಾಸನೆ ಬರುತ್ತದೆ. ಎರಡು ದಿನ ಬಿಸಿಲಿಗೆ ಹಾಕಿ.

ಕರೆಂಟು ಹತ್ತಿರ ಇದೆಯಾ ನೋಡಿ. ಫೋನಿನ ಆಪ್‌ಗೆ ಸೇರುವ ಸ್ಮಾರ್ಟ್ ಟ್ರೈನರ್‌ಗೆ ಪ್ಲಗ್ ಬೇಕು. ವಿದೇಶದಿಂದ ಯಾರಾದರೂ ತಂದುಕೊಡುತ್ತಿದ್ದರೆ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದೆಯಾ ಓದಿಸಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಸೈಕಲ್ಲಿನ ಕೆಳಗೆ ಇಡಬೇಡಿ. ಬೆವರು ನೇರ ಅದರ ಮೇಲೇ ತೊಟ್ಟಿಕ್ಕುತ್ತದೆ.

ಇನ್ನು ಫ್ಯಾನು. ರಸ್ತೆಯಲ್ಲಿ 25 ಕಿ.ಮೀ ವೇಗದಲ್ಲಿ ಹೋಗುವಾಗ ಎದುರು ಗಾಳಿ ತಾನಾಗೇ ಮೈ ತಣಿಸುತ್ತದೆ. ಮನೆಯಲ್ಲಿ ಆ ಗಾಳಿ ಇಲ್ಲ. ಹತ್ತು ನಿಮಿಷಕ್ಕೇ ಮೈ ಕಾದು ಎದೆಬಡಿತ ಏರುತ್ತದೆ, ಕಾಲು ಸೋತಿತು ಅಂತ ನೀವು ಅಂದುಕೊಳ್ಳುತ್ತೀರಿ. ಸೀಲಿಂಗ್ ಫ್ಯಾನ್ ಬೆನ್ನಿಗೆ ಬೀಸುತ್ತದೆ, ಅದು ಸಾಲದು. ಎದೆಗೆ, ಮುಖಕ್ಕೆ ಬೀಸುವ ದೊಡ್ಡ ಪೆಡೆಸ್ಟಲ್ ಫ್ಯಾನ್ ಬೇಕು. ದುಡ್ಡು ಕಡಿಮೆ ಇದ್ದರೆ ಟ್ರೈನರ್‌ನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿರಿ, ಫ್ಯಾನ್‌ನಲ್ಲಿ ಇಳಿಯಬೇಡಿ.

ಹಂತ 3: ಬಗೆ ಆರಿಸಿ

ರೋಲರ್ ಅಂದರೆ ಮೂರು ಉರುಳೆಗಳ ಚೌಕಟ್ಟು. ಸೈಕಲ್ಲನ್ನು ಯಾವುದಕ್ಕೂ ಕಟ್ಟುವುದಿಲ್ಲ, ಉರುಳೆಗಳ ಮೇಲೆ ಬ್ಯಾಲೆನ್ಸ್ ಮಾಡಿಕೊಂಡು ತುಳಿಯಬೇಕು. ಟ್ರ್ಯಾಕ್ ರೇಸಿನವರು ವಾರ್ಮ್ ಅಪ್‌ಗೆ ಇದನ್ನೇ ಬಳಸುತ್ತಾರೆ. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರನ್ನು ಕೇಳಿ ನೋಡಿ, ಕಾಲು ನುಣ್ಣಗೆ ತಿರುಗುವುದು ಕಲಿಯಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ ಅನ್ನುತ್ತಾರೆ. ಮೊದಲ ವಾರ ಬೀಳುವುದು ಗ್ಯಾರಂಟಿ, ಬಾಗಿಲ ಚೌಕಟ್ಟು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಮೊದಲ ಟ್ರೈನರ್ ಆಗಿ ನಾನು ಹೇಳುವುದಿಲ್ಲ.

ವೀಲ್ ಆನ್ ಅಂದರೆ ಹಿಂದಿನ ಚಕ್ರ ಬಿಚ್ಚದೆ ಆಕ್ಸಲ್ ಹಿಡಿದು ನಿಲ್ಲಿಸುವ ಸ್ಟ್ಯಾಂಡು, ಟೈರಿಗೆ ಒತ್ತುವ ಒಂದು ಉರುಳೆ. ಇದರಲ್ಲಿ ಮ್ಯಾಗ್ನೆಟಿಕ್ ಅಗ್ಗ. ಹ್ಯಾಂಡಲ್‌ಗೆ ಕಟ್ಟಿದ ಲಿವರ್‌ನಿಂದ ಬಿಗಿ ಜಾಸ್ತಿ ಕಡಿಮೆ ಮಾಡುತ್ತೀರಿ. ಫ್ಲೂಯಿಡ್‌ನಲ್ಲಿ ಒಳಗೆ ದ್ರವ ಇರುತ್ತದೆ. ಜೋರಾಗಿ ತುಳಿದಷ್ಟೂ ಅದೇ ಬಿಗಿಯಾಗುತ್ತದೆ, ರಸ್ತೆಯ ಅನುಭವಕ್ಕೆ ಹತ್ತಿರ, ಸದ್ದೂ ಕಡಿಮೆ. ಇವೆರಡರಲ್ಲಿ ನನ್ನ ಓಟು ಫ್ಲೂಯಿಡ್‌ಗೆ. ವೀಲ್ ಆನ್ ಯಾವುದೇ ಇರಲಿ, ಹಲ್ಲಿನ ಟೈರು ಬೇಡ. ನಯವಾದ ಸ್ಲಿಕ್ ಟೈರು ಹಾಕಿ. ಟ್ರೈನರ್‌ಗಂತಲೇ ಮಾಡಿದ ಟೈರೂ ಸಿಗುತ್ತದೆ. ಅದು ಬಿಸಿಗೆ ಬೇಗ ಸವೆಯುವುದಿಲ್ಲ, ಆದರೆ ಅದೇ ಟೈರಲ್ಲಿ ರಸ್ತೆಗೆ ಹೋಗಬಾರದು, ಜಾರುತ್ತದೆ. ಚಕ್ರದ ಅಳತೆ 26, 27.5, 29 ಇಂಚೋ 700ಸಿ ಅಳತೆಯೋ ನೋಡಿ. ಎಲ್ಲ ಸ್ಟ್ಯಾಂಡೂ ಎಲ್ಲ ಅಳತೆಗೆ ಬರುವುದಿಲ್ಲ.

ಡೈರೆಕ್ಟ್ ಡ್ರೈವ್‌ನಲ್ಲಿ ಹಿಂದಿನ ಚಕ್ರವನ್ನೇ ಬಿಚ್ಚಿ ಪಕ್ಕಕ್ಕಿಟ್ಟು, ಚೈನನ್ನು ಟ್ರೈನರ್‌ನ ಮೇಲಿರುವ ಕ್ಯಾಸೆಟ್‌ಗೆ ಹಾಕುತ್ತೀರಿ. ಟೈರೇ ಇಲ್ಲ, ಹಾಗಾಗಿ ಜಾರುವುದಿಲ್ಲ, ಸವೆಯುವುದಿಲ್ಲ, ರುಬ್ಬುವ ಸದ್ದಿಲ್ಲ. ಚೈನಿನ ಕಿರಿಕಿರಿ ಮಾತ್ರ ಉಳಿಯುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು, ವಾರಕ್ಕೆ ಮೂರು ಸಲಕ್ಕಿಂತ ಜಾಸ್ತಿ ತುಳಿಯುವವರು ಸ್ವಲ್ಪ ಕಾದು ದುಡ್ಡು ಕೂಡಿಸಿ ಇದನ್ನೇ ತಗೊಳ್ಳಿ.

ಹಂತ 4: ಸ್ಮಾರ್ಟ್ ಬೇಕಾ? ಯಾವ ನಂಬರ್ ನೋಡಬೇಕು?

ಸ್ಮಾರ್ಟ್ ಅಂದರೆ ಎರಡು ಕೆಲಸ. ನೀವು ಎಷ್ಟು ವ್ಯಾಟ್ ತುಳಿಯುತ್ತಿದ್ದೀರಿ ಅಂತ ಅಳೆಯುವುದು ಒಂದು. ಆಪ್ ಹೇಳಿದಂತೆ ತಾನೇ ಬಿಗಿಯಾಗುವುದು ಇನ್ನೊಂದು. ಕೆಲವು ಅಗ್ಗದ ಟ್ರೈನರ್‌ಗಳು ಮೊದಲನೆಯದನ್ನು ಮಾತ್ರ ಮಾಡಿ ಸ್ಮಾರ್ಟ್ ಅಂತ ಬರೆದುಕೊಳ್ಳುತ್ತವೆ. "ಆಪ್‌ನಿಂದ ರೆಸಿಸ್ಟೆನ್ಸ್ ಕಂಟ್ರೋಲ್ ಆಗುತ್ತಾ?" ಅಂತ ನೇರ ಕೇಳಿ.

ವಾಹೂ ಕಂಪನಿ 2012ರಲ್ಲಿ ಕಿಕರ್ ಅನ್ನುವ ಸ್ಮಾರ್ಟ್ ಟ್ರೈನರ್ ತಂದ ಮೇಲೆ ಈ ಆಟ ಮನೆಮನೆಗೆ ಬಂತು. ಸ್ಪೆಕ್ ಓದುವುದು ಹೇಗೆ ಅಂತ ಒಂದು ಉದಾಹರಣೆ ನೋಡೋಣ. ಅದೇ ಕಂಪನಿಯ ಕಿಕರ್ ಕೋರ್ ಮೊದಲು ಬಂದಾಗ ಹೇಳಿದ ಲೆಕ್ಕ: ಗರಿಷ್ಠ 1800 ವ್ಯಾಟ್, ಶೇ 16ರವರೆಗಿನ ಏರಿನ ಅನುಭವ, ವ್ಯಾಟ್ ಅಳತೆಯಲ್ಲಿ ತಪ್ಪು ಹೆಚ್ಚೆಂದರೆ ಶೇ 2, ಫ್ಲೈವೀಲ್ 5.4 ಕೆ.ಜಿ.

1800 ವ್ಯಾಟ್ ನೋಡಿ ಮರುಳಾಗಬೇಡಿ. ನಮ್ಮಂಥವರು ಒಂದು ಗಂಟೆ 200 ವ್ಯಾಟ್ ಹಿಡಿದರೆ ಹಬ್ಬ. ಶೇ 2 ತಪ್ಪು ಅಂದರೆ 200ಕ್ಕೆ 4 ವ್ಯಾಟ್ ಹೆಚ್ಚುಕಡಿಮೆ, ಯಾವ ತೊಂದರೆಯೂ ಇಲ್ಲ. ಶೇ 1ರ ಮಾಡೆಲ್‌ಗೆ ಹೆಚ್ಚು ದುಡ್ಡು ಕೊಡುವ ಅಗತ್ಯ ರೇಸ್ ಮಾಡುವವರಿಗೆ ಮಾತ್ರ. ಏರಿನ ಲೆಕ್ಕವೂ ಅಷ್ಟೇ, ಶೇ 16 ಬಿಡಿ, ಶೇ 10 ಸಿಕ್ಕರೂ ಮೊಣಕಾಲು ಹಾಡು ಹೇಳುತ್ತದೆ. ಫ್ಲೈವೀಲ್ ಭಾರ ಇದ್ದಷ್ಟೂ ತುಳಿತ ನುಣುಪು, ಪೆಡಲ್ ಮೇಲೆ ಬಂದಾಗ ಜಗ್ಗಿದ ಹಾಗಾಗುವುದಿಲ್ಲ. ನಾನಾದರೆ ಈ ನಾಲ್ಕರಲ್ಲಿ ಫ್ಲೈವೀಲ್‌ಗೇ ಜಾಸ್ತಿ ಬೆಲೆ ಕೊಡುತ್ತೇನೆ.

ಕನೆಕ್ಷನ್ ವಿಷಯ. ಬ್ಲೂಟೂತ್ ಮತ್ತು ಆಂಟ್ ಪ್ಲಸ್ (ಸೈಕಲ್ ಸೆನ್ಸರ್‌ಗಳು ಬಳಸುವ ಇನ್ನೊಂದು ವೈರ್‌ಲೆಸ್) ಎರಡೂ ಇರಲಿ. ಹಳೆಯ ಟ್ರೈನರ್‌ಗಳು ಬ್ಲೂಟೂತ್‌ನಲ್ಲಿ ಒಂದು ಸಲಕ್ಕೆ ಒಂದೇ ಕಡೆ ಸೇರುತ್ತವೆ. ಫೋನಿನ ಆಪ್ ಹಿಡಿದಿಟ್ಟುಕೊಂಡಿದ್ದರೆ ಲ್ಯಾಪ್‌ಟಾಪ್ ಎಷ್ಟು ಹುಡುಕಿದರೂ ಸಿಗುವುದಿಲ್ಲ. ನಾನು ಒಂದು ಸಂಜೆ ಪೂರ್ತಿ ಟ್ರೈನರ್ ಕೆಟ್ಟಿದೆ ಅಂತ ಬೈದುಕೊಂಡಿದ್ದೆ. ಕೆಟ್ಟಿದ್ದು ಏನೂ ಇರಲಿಲ್ಲ, ಫೋನು ಜೇಬಿನಲ್ಲೇ ಕನೆಕ್ಟ್ ಆಗಿ ಕೂತಿತ್ತು.

ಆಪ್‌ಗಳಲ್ಲಿ ಜ್ವಿಫ್ಟ್‌ಗೆ ತಿಂಗಳು ತಿಂಗಳು ಚಂದಾ ಕಟ್ಟಬೇಕು, ಮೈವೂಶ್ ಪುಕ್ಕಟೆ. ಮೊದಲು ಪುಕ್ಕಟೆಯದರಲ್ಲಿ ಒಂದು ತಿಂಗಳು ತುಳಿದು ನೋಡಿ. ಎರ್ಗ್ ಮೋಡ್ ಅಂತ ಒಂದಿದೆ. 150 ವ್ಯಾಟ್ ಅಂತ ಇಟ್ಟರೆ ನೀವು ನಿಧಾನ ತುಳಿದರೆ ಟ್ರೈನರ್ ಬಿಗಿಯಾಗುತ್ತದೆ, ಜೋರಾಗಿ ತುಳಿದರೆ ಸಡಿಲವಾಗುತ್ತದೆ, ಒಟ್ಟಿನಲ್ಲಿ 150 ಬಿಡುವುದಿಲ್ಲ. ಸುಸ್ತಾಗಿ ಕಾಲು ನಿಧಾನವಾದರೆ ಇನ್ನೂ ಬಿಗಿಯಾಗಿ ಪೂರ್ತಿ ನಿಂತೇ ಹೋಗುತ್ತೀರಿ. ಆಗ ಗಾಬರಿ ಬೇಡ, ಒಂದು ಕ್ಷಣ ತುಳಿಯುವುದು ನಿಲ್ಲಿಸಿ ಮತ್ತೆ ಶುರು ಮಾಡಿ.

ಕರೆಂಟ್ ಹೋದರೆ ಹೆಚ್ಚಿನ ಸ್ಮಾರ್ಟ್ ಟ್ರೈನರ್‌ಗಳ ಬಿಗಿ ಹೋಗಿಬಿಡುತ್ತದೆ. ಟ್ಯಾಕ್ಸ್ ನಿಯೋ 2ಟಿ ಥರದ ಕೆಲವು ಮಾತ್ರ ನಿಮ್ಮ ತುಳಿತದಿಂದಲೇ ಕರೆಂಟ್ ಮಾಡಿಕೊಂಡು ಓಡುತ್ತವೆ. ಅದರ ಬೆಲೆ ನೋಡಿದರೆ ಯುಪಿಎಸ್ಸೇ ವಾಸಿ. ವೈಫೈ ರೂಟರನ್ನೂ ಅದಕ್ಕೇ ಸೇರಿಸಿ.

ಹಂತ 5: ಜೇಬು ನೋಡಿಕೊಂಡು ತೀರ್ಮಾನ

ಬೆಲೆ ಏರುಪೇರಾಗುತ್ತಿರುತ್ತದೆ. ಆದರೂ ಸಾಮಾನ್ಯ ಮ್ಯಾಗ್ನೆಟಿಕ್ ಕೆಲವೇ ಸಾವಿರದ ಮಾತು, ಸ್ಮಾರ್ಟ್ ಡೈರೆಕ್ಟ್ ಡ್ರೈವ್ ಒಂದು ಒಳ್ಳೆಯ ಸೈಕಲ್ಲಿನ ಬೆಲೆಗೇ ಬರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಬೇಕು, ಕೆಳಗಡೆ ಯಾರೂ ಇಲ್ಲ ಅಂದರೆ ಫ್ಲೂಯಿಡ್ ಟ್ರೈನರ್, ಹಿಂದಿನ ಚಕ್ರಕ್ಕೆ ಒಂದು ಸ್ಪೀಡ್ ಸೆನ್ಸರ್ ಸಾಕು. ಮುಂದಿನ ಚಕ್ರ ತಿರುಗುವುದಿಲ್ಲ, ಸೆನ್ಸರ್ ಅಲ್ಲಿ ಹಾಕಬೇಡಿ. ನಗಬೇಡಿ, ಹಾಕಿದವರನ್ನು ನೋಡಿದ್ದೇನೆ.

ನಡುವಿನ ಸ್ಮಾರ್ಟ್ ವೀಲ್ ಆನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಟೈರಿನ ಗಾಳಿ ದಿನಕ್ಕೊಂದು ಥರ ಇದ್ದರೆ ವ್ಯಾಟ್ ಲೆಕ್ಕವೂ ದಿನಕ್ಕೊಂದು ಥರ. ಪ್ರತಿ ಸಲ ಗಾಳಿ ನೋಡಿ, ಹತ್ತು ನಿಮಿಷ ತುಳಿದು ಬಿಸಿ ಮಾಡಿ, ಆಮೇಲೆ ಸ್ಪಿನ್ ಡೌನ್ ಕ್ಯಾಲಿಬ್ರೇಷನ್ (ಜೋರಾಗಿ ತುಳಿದು ಬಿಟ್ಟು, ಚಕ್ರ ತಾನೇ ನಿಧಾನವಾಗುವುದನ್ನು ನೋಡಿ ಟ್ರೈನರ್ ಲೆಕ್ಕ ಸರಿಮಾಡಿಕೊಳ್ಳುವುದು) ಮಾಡುವ ತಾಳ್ಮೆ ಇದ್ದವರಿಗೆ ಸರಿ.

ಸೆಕೆಂಡ್ ಹ್ಯಾಂಡ್ ಡೈರೆಕ್ಟ್ ಡ್ರೈವ್ ಸಿಕ್ಕರೆ ಖಂಡಿತ ನೋಡಿ. ಉತ್ಸಾಹದಲ್ಲಿ ಕೊಂಡು ಬಟ್ಟೆ ಒಣಹಾಕಲು ಬಳಸಿದವರು ಬೇಕಾದಷ್ಟು ಜನ ಇದ್ದಾರೆ. ಹೋಗುವಾಗ ನಿಮ್ಮ ಸೈಕಲ್ ಜೊತೆಗೇ ಒಯ್ಯಿರಿ. ಹದಿನೈದು ನಿಮಿಷ ತುಳಿಯಿರಿ, ಎರ್ಗ್ ಮೋಡ್ ಹಾಕಿ ನೋಡಿ. ಕಟಕಟ ಸದ್ದು ಬಂದರೆ ಬೇರಿಂಗ್ ಅಥವಾ ಬೆಲ್ಟ್ ತೊಂದರೆ. ಅಡಾಪ್ಟರ್ ಕಂಪನಿಯದೇನಾ ಕೇಳಿ.

ಹಂತ 6: ಪೆಟ್ಟಿಗೆ ಬಂದ ದಿನ

ನನ್ನ ಡೈರೆಕ್ಟ್ ಡ್ರೈವ್ ಬಂದ ರಾತ್ರಿಯೇ 9 ಸ್ಪೀಡ್ ಕ್ಯಾಸೆಟ್ ಕೂರಿಸಿದೆ. ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಪೂರ್ತಿ ಬಿಗಿಯಾಯ್ತು, ಆದರೂ ಗೇರ್‌ಗಳು ಬಳೆಗಳ ಹಾಗೆ ಗಲಗಲ ಅಂದವು. ಬಿಚ್ಚಿದೆ, ಮತ್ತೆ ಹಾಕಿದೆ. ಅದೇ ಗಲಗಲ. ಟ್ರೈನರ್ ಮಾರಿದವರಿಗೆ ಬೈದು ಮೆಸೇಜ್ ಬರೆಯಲು ಕೂತಾಗ ಥರ್ಮಾಕೋಲಿನ ಸಂದಿಯಲ್ಲಿ ಒಂದು ತೆಳು ಉಂಗುರ ಕಂಡಿತು. ಹತ್ತು ರೂಪಾಯಿ ನಾಣ್ಯದಷ್ಟು ದಪ್ಪ. ಅದೇ 1.85 ಮಿ.ಮೀ ಸ್ಪೇಸರ್. 11 ಸ್ಪೀಡ್ ಬಾಡಿಯ ಮೇಲೆ 8, 9, 10 ಸ್ಪೀಡ್ ಹಾಕುವಾಗ ಇದನ್ನು ಮೊದಲು ಒಳಗೆ ತಳ್ಳಿ, ಆಮೇಲೆ ಕ್ಯಾಸೆಟ್. ಶಿಮಾನೊದ ಹೆಚ್ಚಿನ 10 ಸ್ಪೀಡ್ ರೋಡ್ ಕ್ಯಾಸೆಟ್‌ಗೆ ಇನ್ನೊಂದು 1 ಮಿ.ಮೀ ಉಂಗುರವೂ ಬೇಕು, ಅದು ಕ್ಯಾಸೆಟ್ ಜೊತೆ ಬರುತ್ತದೆ. 7 ಸ್ಪೀಡ್ ಆದರೆ 1.85ರ ಜೊತೆ 4.5 ಮಿ.ಮೀದು.

ಕ್ಯಾಸೆಟ್ ಬಿಚ್ಚಲು ಗೇರ್ ತಿರುಗದಂತೆ ಹಿಡಿಯುವ ಚೈನ್ ವಿಪ್, ಲಾಕ್‌ರಿಂಗ್ ಟೂಲ್ ಎರಡೂ ಬೇಕು. ಹಾಕಲು ಲಾಕ್‌ರಿಂಗ್ ಟೂಲ್ ಒಂದೇ ಸಾಕು. ಬಾಡಿಯ ಗೀರುಗಳಲ್ಲಿ ಒಂದರ ಅಗಲ ಬೇರೆ ಇರುತ್ತದೆ. ಗೇರಿನ ಒಳಗೂ ಹಾಗೇ, ಎರಡನ್ನೂ ಹೊಂದಿಸಿ ತಳ್ಳಿ. ಲಾಕ್‌ರಿಂಗ್ ಬಿಗಿ 40 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ ಅಂಗಡಿಯಲ್ಲಿ ಮಾಡಿಸಿ. ಪದೇಪದೇ ಬಿಚ್ಚುವುದು ಬೇಡ ಅಂದರೆ ಚಕ್ರದಲ್ಲಿರುವಂಥದ್ದೇ ಇನ್ನೊಂದು ಕ್ಯಾಸೆಟ್ ಕೊಂಡು ಟ್ರೈನರ್ ಮೇಲೇ ಬಿಟ್ಟುಬಿಡಿ.

ಸೈಕಲ್ ಕೂರಿಸುವಾಗ ಚೈನನ್ನು ಅತಿ ಚಿಕ್ಕ ಗೇರಿಗೆ ತನ್ನಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಲಿವರ್ ಒತ್ತಲೇಬೇಡಿ. ಹೈಡ್ರಾಲಿಕ್ ಆದರೆ ಪ್ಯಾಡ್ ಎರಡೂ ಅಂಟಿಕೊಂಡು ಡಿಸ್ಕ್ ಮತ್ತೆ ತೂರುವುದಿಲ್ಲ. ಮಡಚಿದ ರಟ್ಟಿನ ತುಂಡು ಸಿಕ್ಕಿಸಿ ಇಡಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಮೊದಲ ಕೆಲಸ, ಯಾಕೆಂದರೆ ಅವರ ಕೈ ಮೊದಲು ಹೋಗುವುದೇ ಆ ಲಿವರ್‌ಗೆ.

ಹತ್ತುವ ಮುಂಚೆ ಸೈಕಲ್ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಗೇರ್ ಒಂದೊಂದೇ ಬದಲಿಸಿ, ಕಿರಕಿರ ಅಂದರೆ ಚೈನನ್ನು ಗೇರಿಂದ ಗೇರಿಗೆ ಸರಿಸುವ ಡಿರೇಲರ್‌ನ ಬ್ಯಾರೆಲ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ. ವೀಲ್ ಆನ್ ಆದರೆ ಹಿಂಭಾಗ ಎತ್ತರ ಆಗಿರುತ್ತದೆ, ಮುಂದಿನ ಚಕ್ರಕ್ಕೆ ಬ್ಲಾಕ್ ಕೊಟ್ಟು ಸಮ ಮಾಡಿ. ಟಾಪ್ ಟ್ಯೂಬ್ (ಸೀಟಿನ ಮುಂದಿರುವ ಮೇಲಿನ ಕೊಳವೆ) ಮೇಲೆ ಹಳೆ ಟವೆಲ್ ಹೊದಿಸಿ. ಬೆವರಿನ ಉಪ್ಪು ಹ್ಯಾಂಡಲ್ ತಿರುಗುವ ಜಾಗದ ಹೆಡ್‌ಸೆಟ್ ಬೋಲ್ಟು, ಹ್ಯಾಂಡಲ್ ಟೇಪಿನ ಒಳಗಿನ ಅಲ್ಯೂಮಿನಿಯಂ ಎಲ್ಲ ತಿನ್ನುತ್ತದೆ.

ಬಿಪಿ, ಎದೆನೋವಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಮೊದಲ ವಾರ ಅರ್ಧ ಗಂಟೆ ಸಾಕು, ಅದೂ ಮಾತಾಡಿಕೊಂಡು ತುಳಿಯುವಷ್ಟು ಹಗುರ. ಪಕ್ಕದಲ್ಲಿ ಎರಡು ಬಾಟಲ್: ಒಂದರಲ್ಲಿ ನೀರು, ಒಂದರಲ್ಲಿ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ.

ಪೆಟ್ಟಿಗೆ, ಥರ್ಮಾಕೋಲ್ ಬಿಸಾಡಬೇಡಿ. ಡೈರೆಕ್ಟ್ ಡ್ರೈವ್ ಟ್ರೈನರ್ ಸಾಮಾನ್ಯವಾಗಿ 15ರಿಂದ 20 ಕೆ.ಜಿ ತೂಗುತ್ತದೆ. ವಾರಂಟಿಗೆ ಕಳಿಸಬೇಕಾದರೆ ಆ ಪೆಟ್ಟಿಗೆ ಬಿಟ್ಟು ಬೇರೆ ಯಾವುದರಲ್ಲೂ ಸರಿಯಾಗಿ ಕೂರುವುದಿಲ್ಲ. ನಮ್ಮಲ್ಲಿ ಅದು ಅಟ್ಟದ ಮೇಲೆ, ದಸರಾ ಗೊಂಬೆಗಳ ಪೆಟ್ಟಿಗೆ ಪಕ್ಕದಲ್ಲಿ ಕೂತಿದೆ. ಅಜ್ಜಿ ಈಗ ರುಬ್ಬುವ ಸುದ್ದಿ ಎತ್ತುವುದಿಲ್ಲ. ಮೊನ್ನೆ ಕೇಳಿದ್ದು ಬೇರೆ: "ಅಷ್ಟು ದೊಡ್ಡ ಫ್ಯಾನ್ ಹಾಕ್ಕೊಂಡು ನಿದ್ದೆ ಬರುತ್ತಾ ನಿಮಗೆ?"